ಆಕಾಶದ ನಡುಗಡ್ಡೆಗಳಲ್ಲಿ ಯಾರಿದ್ದಾರೆ?

ತುಂಬ ತುಂಬ ಹಿಂದೆ, ಆಕಾಶವೆಲ್ಲ ಕಡಲಾಗಿದ್ದ ಕಾಲದಲ್ಲಿ, ಚುಕ್ಕಿಗಳೆಲ್ಲ ನಡುಗಡ್ಡೆಗಳಾಗಿದ್ದವು. ಅವುಗಳಲ್ಲೊಂದು ಹೊಂಬಾಳೆಪುರ. ಅಲ್ಲಿ ಬಾನಕ್ಕ ಎಂಬವಳಿಗೆ ಅರಮನೆಯ ಗೋಪುರದಲ್ಲಿ ಕೂತು ಕಿವಿಗೊಡುವ ಕೆಲಸ. ಬೇರೆ ನಡುಗಡ್ಡೆಯಿಂದ ಯಾರಾದರೂ ಕೂಗುತ್ತಾರೇನೋ ಎಂದು ಅವಳ ಅಜ್ಜಿಯೂ ಕಾದಿದ್ದಳು, ಅವ್ವನೂ ಕಾದಿದ್ದಳು. ಒಂದು ಪಿಸುಮಾತೂ ಬಂದಿರಲಿಲ್ಲ, ಪಾಪ.

ಒಂದು ದಿನ ಮಬ್ಬಾಸುರನೆಂಬ ಮಾಂತ್ರಿಕ ಬಂದ. ಜನರ ಒಂಟಿತನ ತಿಂದು ಕೊಬ್ಬಿದ ಖದೀಮ ಅವನು.

"ಲೋಕದಲ್ಲಿ ನಿಮ್ಮನ್ನು ಬಿಟ್ಟರೆ ಇನ್ಯಾರೂ ಇಲ್ಲ!" ಎಂದ.

"ಇದ್ದಾರೆ," ಎಂದಳು ಬಾನಕ್ಕನ ಮಗಳು ಚಿಗುರಿ.

ಅಷ್ಟಕ್ಕೇ ಅವಳ ಪಾದಗಳನ್ನು ಕಲ್ಲು ಮಾಡಿಬಿಟ್ಟ! "ಬೇರೆಯವರ ದನಿ ಇಲ್ಲಿ ಕೇಳಿಸು, ಬಾನಕ್ಕ. ಇಲ್ಲದಿದ್ದರೆ ಮೂರು ದಿನದಲ್ಲಿ ನಿನ್ನ ಮಗಳು ಪೂರ್ತಿ ಕಲ್ಲು."

ಗೋಪುರದ ಮೇಲೆ ಮಾತಾಡುವ ಕೊಕ್ಕರೆಯೊಂದಿತ್ತು. ಬಾನಕ್ಕ ಅದರ ಬೆನ್ನೇರಿದಳು.

ಮೊದಲ ನಡುಗಡ್ಡೆಯಲ್ಲಿ ಊರಿತ್ತು, ಬೀದಿಯಿತ್ತು, ಒಲೆಯ ಮೇಲೆ ಮಡಕೆಯಿತ್ತು. ಜನರಿರಲಿಲ್ಲ.

"ಸಾವಿರ ವರ್ಷ ತಡವಾಯಿತು ತಾಯಿ," ಎಂದಿತು ಕೊಕ್ಕರೆ.

ಬಾನಕ್ಕ ಆ ಖಾಲಿ ಮಡಕೆ ತಬ್ಬಿಕೊಂಡು ಅತ್ತಳು. ಹಿಂತಿರುಗಿದಾಗ ಮಗಳು ಸೊಂಟದವರೆಗೆ ಕಲ್ಲಾಗಿದ್ದಳು.

ಎರಡನೆಯದರಲ್ಲಿ ಜನರಿದ್ದರು, ಎಲ್ಲರೂ ಮಂಚದ ಕೆಳಗೆ!

"ಶ್! ಮೆತ್ತಗೆ ಮಾತಾಡಮ್ಮ. ಸದ್ದು ಕೇಳಿದರೆ ಯಾವನೋ ರಾಕ್ಷಸ ಬಂದು ನುಂಗುತ್ತಾನೆ."

"ನುಂಗಿದ್ದನ್ನು ಯಾರಾದರೂ ನೋಡಿದ್ದೀರಾ?"

"ಇಲ್ಲ. ಆದರೂ ಹೆದರಿಕೆ."

ಎಷ್ಟು ಬೇಡಿದರೂ ಒಬ್ಬರೂ ಹೊರಡಲಿಲ್ಲ. ಆ ನಡುಗುವ ಮುಖಗಳನ್ನು ನೋಡಿ ಸಿಟ್ಟಾಗಲೂ ಅವಳಿಗೆ ಮನಸ್ಸು ಬರಲಿಲ್ಲ. ಹಿಂತಿರುಗಿದಾಗ ಕಲ್ಲು ಕುತ್ತಿಗೆಗೆ ಬಂದಿತ್ತು.

ಮೂರನೆಯದರ ದಡದಲ್ಲಿ ಒಬ್ಬ ಮುದುಕಿ ಕಿವಿಗೆ ಕೈಯಾನಿಸಿ ಕೂತಿದ್ದಳು.

"ಏನು ಮಾಡ್ತಿದ್ದೀಯಜ್ಜಿ?"

"ಎಪ್ಪತ್ತು ವರ್ಷದಿಂದ ಕಾಯ್ತಿದ್ದೀನಿ ಕಣವ್ವ. ಆಚೆ ನಡುಗಡ್ಡೆಯವರು ಕರೀತಾರೇನೋ ಅಂತ."

"ನೀನೇ ಬರಬಹುದಿತ್ತಲ್ಲ? ಕೂಗಬಹುದಿತ್ತಲ್ಲ?"

"ಚೆನ್ನಾಗಿದೆ! ಕರೆಯದೇ ಇರೋರ ಮನೆಗೆ ಹೇಗೆ ಬರೋದು? ಮರ್ಯಾದೆ ಬೇಡವಾ?"

ಬಾನಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನಜ್ಜಿ! ನಾವೂ ಹಾಗೇ ಅಂದುಕೊಂಡು ಬಾಯಿ ಮುಚ್ಚಿ ಕೂತಿದ್ವಿ. ಈಗ ಕರೀತಿದ್ದೀನಿ, ಬಾ!"

"ಅಷ್ಟು ಸಾಕು," ಎಂದು ಮುದುಕಿ ಸೀರೆ ಕೊಡವಿಕೊಂಡು ಎದ್ದೇಬಿಟ್ಟಳು.

ಅವರು ಬಂದಿಳಿದಾಗ ಚಿಗುರಿಯ ತುಟಿಯೂ ಕಲ್ಲಾಗಿತ್ತು. ಮುದುಕಿ ಅವಳ ಕೆನ್ನೆ ಸವರಿ, "ಏಳು ಕಂದಾ," ಎಂದಳು. ಆ ದನಿ ಕಿವಿಗೆ ಬಿದ್ದದ್ದೇ ತಡ, ಮಬ್ಬಾಸುರ ಹೊಗೆಯಾಗಿ ಹೋದ, ಕಲ್ಲೆಲ್ಲ ಕರಗಿತು. ಅಂದಿನಿಂದ ನಡುಗಡ್ಡೆಗಳವರು ಒಬ್ಬರನ್ನೊಬ್ಬರು ಕೂಗಿ ಕರೆದು, ಹೋಗಿ ಬಂದು, ಉಂಡು ನಕ್ಕು ಸುಖವಾಗಿದ್ದರು.

ಆದರೆ ಕಣ್ಣು ಬಿಟ್ಟೊಡನೆ ಚಿಗುರಿ ಕೇಳಿದ್ದೇನು ಗೊತ್ತೇ?

"ಅವ್ವಾ, ಈ ಅಜ್ಜಿ ಯಾರು?"

ಬಾನಕ್ಕ ಬಿಕ್ಕಿದಳು. "ನೆಂಟರು ಕಣೇ ಮಗಳೇ. ಇಷ್ಟು ವರ್ಷ ನಾವು ಬಾ ಅನ್ನದೇ ಕೂರಿಸಿದ್ದ ನೆಂಟರು."