ಕಾರ್ತಿಕ ಸೋಮವಾರದ ಗಿರಾಕಿ

2024ರ ನವೆಂಬರ್ 14, ಗುರುವಾರ ಬೆಳಿಗ್ಗೆ 10.20ಕ್ಕೆ ಚನ್ನವೀರಯ್ಯ ತುಮಕೂರು ನಗರದ ಠಾಣೆಗೆ ಬಂದರು. ಗುಬ್ಬಿ ಕಡೆಯವರು, ಐವತ್ತಾರು ವರ್ಷ, ತೆಂಗಿನ ತೋಟದ ಒಡೆಯರು, ಊರಿನ ಮಠದ ಕಮಿಟಿ ಅಧ್ಯಕ್ಷರು. ಇದಿಷ್ಟನ್ನೂ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ ಮುಗಿಸಿದ್ದರು. ಹಣೆ ತುಂಬ ವಿಭೂತಿ. ಹಿಂದೆ ಅವರ ತಂಗಿ ಸಿದ್ದಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಆಕೆಗೂ ಒಂದು ಕುರ್ಚಿ ಬೇಕೆಂದು ಅಣ್ಣನಿಗೆ ಹೊಳೆಯಲಿಲ್ಲ. ಹೆಡ್ ಕಾನ್‌ಸ್ಟೆಬಲ್ ವೆಂಕಟರಂಗಯ್ಯ ಎಳೆದು ಕೊಟ್ಟರು.

ಇನ್ಸ್‌ಪೆಕ್ಟರ್ ಸರ್ವಮಂಗಳ ದೂರು ಓದಿದರು. ಸಿದ್ದಗಂಗಮ್ಮನ ಮಗಳು ಮಾಲಿನಿ, ಇಪ್ಪತ್ಮೂರು ವರ್ಷ, ಸೋಮವಾರದಿಂದ ಕಾಣೆ. ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸವೆಂದು ಮನೆಯವರನ್ನು ನಂಬಿಸಿ, ತುಮಕೂರಿನ ಒಂದು ಬಾರಿನ ಬಿಲ್ ಕೌಂಟರಿನಲ್ಲಿ ಕೂರುತ್ತಿದ್ದಳು. ಅಲ್ಲಿನ ಸಪ್ಲೈಯರ್ ಶಿವಮೂರ್ತಿ ಎಂಬವನು ತಲೆ ಕೆಡಿಸಿ ಅವಳನ್ನು ಎತ್ತಿಕೊಂಡು ಹೋಗಿದ್ದಾನೆ.

“ಬಾರಲ್ಲಿ ಕೆಲ್ಸ ಅಂತ ಯಾವಾಗ ಗೊತ್ತಾಯ್ತು?”

“ನಿನ್ನೆ. ಅವನೇ ನಮ್ ತಂಗಿಗೆ ಫೋನ್ ಮಾಡಿದ್ದ. ಮಾಲಿನಿ ಎಲ್ಲಿ ಅಂತ ನಾಟ್ಕ ಆಡ್ತಾನೆ. ಸ್ಟೇಷನ್‌ಗೆ ಹೋಗ್ತೀನಿ ಅಂತ ನಮ್ಮನ್ನೇ ಹೆದರಿಸ್ತಾನೆ.”

“ನೀವು ಅವಳನ್ನ ಕೊನೇ ಸಲ ನೋಡಿದ್ದು?”

“ದೀಪಾವಳಿಗೆ.”

“ಆ ಬಾರಿಗೆ ಹೋಗಿದ್ರಾ?”

ಚನ್ನವೀರಯ್ಯ ಎರಡೂ ಕೆನ್ನೆಗೆ ಮೆಲ್ಲಗೆ ತಟ್ಟಿಕೊಂಡರು. “ಆ ಬೀದೀಲೂ ನಾವು ನಡೆಯೋರಲ್ಲ ಮೇಡಂ. ಮೊದ್ಲು ಅವನ್ನ ಒಳಗೆ ಹಾಕಿ. ಭಾನುವಾರದ ತನಕ ಬಿಡ್ಬೇಡಿ.”

ಶಿಕ್ಷೆಯ ಅವಧಿಯನ್ನು ದೂರುದಾರರೇ ಗೊತ್ತುಮಾಡಿಕೊಂಡು ಬಂದದ್ದು ಸರ್ವಮಂಗಳ ಅವರಿಗೆ ಸೋಜಿಗವೆನಿಸಿತು. ಭಾನುವಾರ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. 11.05ಕ್ಕೆ ಎಫ್‌ಐಆರ್ ಆಯಿತು: ಹೆಂಗಸು ಕಾಣೆ.

ಮಧ್ಯಾಹ್ನ 12.30ಕ್ಕೆ ಸರ್ವಮಂಗಳ, ವೆಂಕಟರಂಗಯ್ಯ ಇಬ್ಬರೂ ಬಾರಿಗೆ ಹೋದರು. ಮಾಲೀಕ ಭಾನುಪ್ರಕಾಶ್ ಗೋಡೆಗೆ ಒಂದು ಹಾಳೆ ಅಂಟಿಸಿದ್ದ: ಸಿಬ್ಬಂದಿಯ ನಡುವೆ ಲವ್ ಕಂಡುಬಂದರೆ ಒಬ್ಬರನ್ನು ಕೆಲಸದಿಂದ ತೆಗೆಯಲಾಗುವುದು. ಯಾರನ್ನೆಂದು ಬರೆದಿರಲಿಲ್ಲ. ಹುಡುಗಿಯನ್ನೇ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಿಗೆಲ್ಲ ಕುಡಿಸುವವನು ಒಳಗೆ ಸನ್ಯಾಸಿಗಳ ಆಶ್ರಮ ನಡೆಸಬೇಕೆಂದುಕೊಂಡಿದ್ದ.

“ಶಿವಮೂರ್ತಿನ ಕರೀರಿ.”

“ಅವನು ಬಿಟ್ಟೋಗಿ ಎರಡು ವರ್ಷ ಆಯ್ತಲ್ಲ ಮೇಡಂ.”

ಅಷ್ಟರಲ್ಲಿ ನೀರು ತಂದಿಟ್ಟ ಯುವಕನ ಎದೆಯ ಮೇಲೆ ಶಿವಮೂರ್ತಿ ಎಂದೇ ಇತ್ತು. ಸರ್ವಮಂಗಳ ಅದರತ್ತ ಬೆರಳು ತೋರಿಸಿದರು.

“ಅದು ಬ್ಯಾಡ್ಜು ಮೇಡಂ. ಇವನು ಸಂಗಮೇಶ್. ಬಿಟ್ಟೋದೋರ ಬ್ಯಾಡ್ಜನ್ನ ಹೊಸಬ್ರಿಗೆ ಹಾಕ್ತೀವಿ. ಪಿನ್ನು ಚೆನ್ನಾಗೇ ಇರುತ್ತಲ್ಲ.”

ಸಂಗಮೇಶನನ್ನು ಹಿಂದಿನ ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ವಿಚಾರಿಸಿದರು. ಇಪ್ಪತ್ತೈದು ವರ್ಷ, ಬೆಳ್ಳಾವಿಯವನು. ನಿದ್ದೆ ಕೆಟ್ಟು ಕಣ್ಣು ಕೆಂಪಗಿದ್ದವು. ಮಾಲಿನಿಯೂ ಅವನೂ ಹದಿನಾಲ್ಕು ತಿಂಗಳಿಂದ ಪ್ರೀತಿಸುತ್ತಿದ್ದರು. ಗಿರಾಕಿಗಳ ಎದುರು ಒಬ್ಬರನ್ನೊಬ್ಬರು ಸಾರ್, ಮೇಡಂ ಎನ್ನುತ್ತಿದ್ದರು. ಗಿರಾಕಿ ಕಡಿಮೆಯಾಗುವ ಮೂರೂವರೆಗೆ ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರ್ ಇಡುವ ಜಾಗದಲ್ಲಿ, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಮದುವೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ನೋಟಿಸ್ ಕೊಟ್ಟಾಗಿತ್ತು.

“ಸೋಮವಾರ ಏನಾಯ್ತು?”

“ನಾಕು ಗಂಟೆಗೆ ಅವಳಿಗೆ ಫೋನ್ ಬಂತು. ಅಮ್ಮ ಬಿದ್ದವ್ರೆ ಅಂತ ಓಡಿದ್ಲು. ಆಮೇಲೆ ಸ್ವಿಚ್ ಆಫ್.”

“ಅವರಮ್ಮಂಗೆ ನಿನ್ ಹೆಸ್ರು ಏನಂತ ಹೇಳ್ದೆ?”

“ಸಂಗಮೇಶ್ ಅಂತ್ಲೇ ಹೇಳ್ದೆ.”

“ಶಿವಮೂರ್ತಿ ಅಂತ ಯಾರು ಕರೀತಾರೆ?”

“ಟೇಬಲ್ಲಲ್ಲಿ ಕೂತೋರು.”

ವೆಂಕಟರಂಗಯ್ಯ ಸಿದ್ದಗಂಗಮ್ಮನಿಗೆ ಫೋನ್ ಹಚ್ಚಿದರು. ಆಕೆ ತಡವರಿಸಿದರು. “ನಂಗೆ ಸಂಗಮೇಶ ಅಂತ್ಲೇ ಅಂದ ಸ್ವಾಮಿ. ಅಣ್ಣ ಶಿವಮೂರ್ತಿ ಅಂತ ಬರೆಸ್ದ. ಅವನಿಗೆ ತಿಳಿದಿರುತ್ತೆ ಬುಡು ಅಂತ ಸುಮ್ನಾದೆ.”

ಚನ್ನವೀರಯ್ಯನವರ ವಾಟ್ಸಾಪ್ ಫೋಟೋ ತೋರಿಸಿದಾಗ ಸಂಗಮೇಶ್ ಹಣೆಯ ಭಾಗವನ್ನು ಬೆರಳಲ್ಲಿ ಮುಚ್ಚಿ ನೋಡಿದ.

“ಇವ್ರಾ? ಸೋಮವಾರ ಸೋಮವಾರ ಬರ್ತಾರೆ. ಕ್ಯಾಬಿನ್ನಲ್ಲಿ ಕೂರ್ತಾರೆ. ವಿಭೂತಿ ಇರಲ್ಲ.”

ಆ ಸೋಮವಾರ ಕಾರ್ತಿಕ ಸೋಮವಾರ. ಊರಿನಲ್ಲಿ ಹೆಂಗಸರೆಲ್ಲ ಉಪವಾಸವಿದ್ದರೆ ಕಮಿಟಿ ಅಧ್ಯಕ್ಷರು ಹಣೆ ಒರೆಸಿಕೊಂಡು ಇಲ್ಲಿ ಕೂತಿದ್ದರು. ಸಿಸಿಟಿವಿಯಲ್ಲಿ ಅವರು 3.35ಕ್ಕೆ ಕೈ ತೊಳೆಯಲು ಹಿಂದಕ್ಕೆ ಹೋಗಿ, ಒಂದೇ ಡಬ್ಬಿಗೆ ಕೈಹಾಕಿದ್ದ ಇಬ್ಬರನ್ನು ಕಂಡು ನಿಂತದ್ದೂ, ಮಾಲಿನಿ ತಲೆ ಎತ್ತಿದೊಡನೆ ಮುಖ ತಿರುಗಿಸಿ ಹೊರಗೆ ನಡೆದದ್ದೂ ಸ್ಪಷ್ಟವಾಗಿತ್ತು. ಸಂಜೆ ಬಂದ ಕರೆ ವಿವರದಲ್ಲಿ ಉಳಿದದ್ದು ಸಿಕ್ಕಿತು. 4.10ಕ್ಕೆ ಮಾಲಿನಿಗೆ ಕರೆ ಮಾಡಿದ್ದು ಸೋದರಮಾವನೇ. ಅವಳ ಫೋನ್ 5.50ಕ್ಕೆ ಕುಣಿಗಲ್‌ನಲ್ಲಿ ಆರಿಹೋಗಿತ್ತು. ಕುಣಿಗಲ್ ಕೆರೆ ಏರಿಯ ಹತ್ತಿರ ಚನ್ನವೀರಯ್ಯನವರ ಹೆಂಡತಿಯ ತಮ್ಮನ ಮನೆ ಇತ್ತು.

ಶುಕ್ರವಾರ ಬೆಳಿಗ್ಗೆ 11.40. ಪಂಚರ ಎದುರು ಆ ಮನೆಯ ಮಹಡಿ ಕೋಣೆಯ ಬೀಗ ಒಡೆಸಲಾಯಿತು. ಒಳಗೆ ಮಾಲಿನಿ ಇದ್ದಳು. ಒಂದು ಚಾಪೆ, ಒಂದು ಬಿಂದಿಗೆ, ಮಡಿಕೆ ಬಿಚ್ಚದ ಧಾರೆ ಸೀರೆ, ಪೊಟ್ಟಣದಲ್ಲಿ ತಾಳಿ. ಪಂಚನಾಮೆಯಲ್ಲಿ ಇವೆಲ್ಲ ಕ್ರಮವಾಗಿ ಸೇರಿದವು. ಭಾನುವಾರ ಮದುವೆ. ಗಂಡು ಆ ಮನೆಯ ಯಜಮಾನನೇ, ಹೆಂಡತಿ ಸತ್ತ ನಲವತ್ತರ ಆಸಾಮಿ. “ನಂದೇನಿಲ್ಲ, ಭಾವ ಹೇಳಿದ್ರು,” ಎಂದ. ಬೀಗದ ಕೈ ಮಾತ್ರ ಅವನ ಉಡಿದಾರದಲ್ಲಿತ್ತು.

ಮಾಲಿನಿ ಮೊದಲು ಕೇಳಿದ್ದು ಒಂದೇ. “ಸಂಗಮೇಶನ್ನ ಹೊಡ್ದಿಲ್ಲ ತಾನೇ?”

“ಇಲ್ಲಮ್ಮ. ಕೆಳಗೆ ಜೀಪ್ ಹತ್ರ ನಿಂತವ್ನೆ,” ಎಂದರು ವೆಂಕಟರಂಗಯ್ಯ. ಆಗ ಅವಳು ಗೋಡೆಗೆ ಒರಗಿ ಅತ್ತಳು. ನಾಲ್ಕು ದಿನ ಹಿಡಿದಿಟ್ಟುಕೊಂಡ ಅಳು ಅದು.

ಸಂಜೆ 4.30ಕ್ಕೆ ಗುಬ್ಬಿಯಲ್ಲಿ ಕಾರ್ತಿಕ ದೀಪೋತ್ಸವದ ಸಭೆಯಿಂದ ಚನ್ನವೀರಯ್ಯನವರನ್ನು ಬಂಧಿಸಲಾಯಿತು. ಜೀಪು ಬಂದಾಗ ಅವರು ಇಂದಿನ ಯುವಜನರ ನಡತೆಯ ಬಗ್ಗೆ ಮಾತನಾಡುತ್ತಿದ್ದರು. ಕಮಿಟಿಯವರೂ ಜೀಪಿನ ಹಿಂದೆಯೇ ಠಾಣೆಗೆ ಬಂದರು.

“ಯಾಕೆ ಕೂಡಿಹಾಕಿದ್ರಿ?”

“ಮನೆತನದ ಮರ್ಯಾದೆ ಮೇಡಂ.”

“ಹುಡುಗ ನಿಮ್ ಜಾತಿಯೋನೇ. ದುಡಿದು ತಿಂತಾನೆ. ಯಾರ ಮರ್ಯಾದೆ?”

ಚನ್ನವೀರಯ್ಯ ಬಾಗಿಲ ಕಡೆ ನೋಡಿದರು. ತಗ್ಗಿದ ದನಿಯಲ್ಲಿ ಹೇಳಿದರು. “ಅವಳು ನನ್ನ ಅಲ್ಲಿ ನೋಡ್ಬಿಟ್ಲು. ಊರಲ್ಲಿ ಬಾಯಿ ಬಿಟ್ರೆ ನಾನು ಮಠದ ಮೆಟ್ಟಿಲು ಹತ್ತೋದು ಹೆಂಗೆ? ಒಂದು ಕಡೆ ಕಟ್ಟಿಹಾಕಿದ್ರೆ ಸುಮ್ನಿರ್ತಾಳೆ ಅನ್ಕೊಂಡೆ.”

ಇಷ್ಟೇ. ಪ್ರೀತಿಯ ಮೇಲಿನ ಸಿಟ್ಟೂ ಅಲ್ಲ, ತಂಗಿಯ ಮಗಳ ಮೇಲಿನ ಕಾಳಜಿಯೂ ಅಲ್ಲ. ವಾರಕ್ಕೊಮ್ಮೆಯ ಕುಡಿತ ಗುಟ್ಟಾಗಿರಲೆಂದು ಒಂದು ಹೆಣ್ಣಿನ ಬದುಕಿಗೇ ಬೀಗ ಜಡಿಯಲು ಹೊರಟಿದ್ದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸರ್ವಮಂಗಳ ಕೊಲೆಗಾರರನ್ನೂ ಕಂಡಿದ್ದರು. ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಅವರು ಮಾಲಿನಿಯ ಹೇಳಿಕೆಯನ್ನು ಓದಿ ಹೇಳಲು ವೆಂಕಟರಂಗಯ್ಯನವರಿಗೆ ಕೊಟ್ಟರು.

“ಮಾವ ಮಾರ್ಚ್ ತಿಂಗಳಿನಿಂದ ಬಾರಿಗೆ ಬರುತ್ತಿದ್ದರು. ನನ್ನನ್ನು ಕಂಡು ಅವರಿಗೆ ಮುಜುಗರವಾಗಬಾರದೆಂದು, ಊರಿನವರ ಕಣ್ಣಿಗೂ ಬೀಳಬಾರದೆಂದು, ಕೌಂಟರಿನಿಂದ ಕಾಣದ ಕ್ಯಾಬಿನ್ನನ್ನು ಪ್ರತಿ ಸೋಮವಾರ ಅವರಿಗಾಗಿ ಖಾಲಿ ಇಡಿಸುತ್ತಿದ್ದೆ. ಈ ವಿಷಯ ನನ್ನ ತಾಯಿಗೂ ಹೇಳಿಲ್ಲ, ಸಂಗಮೇಶನಿಗೂ ಹೇಳಿಲ್ಲ.”

ಚನ್ನವೀರಯ್ಯ ತಲೆ ಎತ್ತಿದರು. “ಯಾರಿಗೂ ಹೇಳಿರ್ಲಿಲ್ವಾ?”

“ಎಂಟು ತಿಂಗ್ಳು ಹೇಳಿಲ್ಲ. ಹೇಳ್ತಾನೂ ಇರ್ಲಿಲ್ಲ,” ಎಂದರು ಸರ್ವಮಂಗಳ.

ಚನ್ನವೀರಯ್ಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮುಂದಕ್ಕೆ ಬಾಗಿ, ಹೊರಗೆ ನಿಂತ ಕಮಿಟಿಯವರಿಗೆ ಕೇಳದಂತೆ ಮೆಲ್ಲಗೆ ಅಂದರು. “ಮೇಡಂ, ಎಲ್ಲಾ ಒಪ್ಕೋತೀನಿ. ಆ ಬಾರ್ ಅನ್ನೋದೊಂದು ಬಿಟ್ಟು ಬರೀಬಹುದಾ?”

ಸರ್ವಮಂಗಳ ಸಹಿ ಮಾಡಲು ಪೆನ್ನು ಮುಂದಿಟ್ಟು, ಕಮಿಟಿಯವರ ಕಡೆಯ ಕಿಟಕಿ ತೆರೆಯುವಂತೆ ವೆಂಕಟರಂಗಯ್ಯನವರಿಗೆ ಹೇಳಿ, ಮಾಲಿನಿಯ ಹೇಳಿಕೆಯನ್ನು ಮೊದಲಿನಿಂದ ಇನ್ನೊಮ್ಮೆ ಓದಿಸಿದರು.