ಸೇಬು ಹಣ್ಣಾಗುವವರೆಗೆ

"ಮನೇಲಿ ಯಾರು ಹೊಡೀತಾರೆ?"

ಸಾಗಿನ್ ನನ್ನೊಡನೆ ಆಡಿದ ಮೊದಲ ಮಾತು ಇದು. ನಾನು ಅವನ ಮನೆಗೇ ಸೇರಿದ ಹಲ್ಲಿನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದೆ. ಮೇಲಿನ ಎರಡು ಮುಂಬಲ್ಲುಗಳು ಅಲುಗಾಡುತ್ತಿದ್ದವು. ಒಂದರ ತುದಿ ಚಕ್ಕೆ ಎದ್ದಿತ್ತು, ಒಸಡು ಮುಟ್ಟಿದರೆ ರಕ್ತ. ಅವನು ಅದನ್ನೆಲ್ಲ ನೋಡಿ, ನನ್ನ ಮುಖವನ್ನೂ ನೋಡಿ, ದನಿ ತಗ್ಗಿಸಿದ.

"ಹೆದರ್ಕೋಬೇಡಿ. ಅಪ್ಪನಾ, ಅಣ್ಣನಾ? ನನ್ನ ಹತ್ರ ಹೇಳಿದ್ದು ಈ ರೂಮು ದಾಟಲ್ಲ."

"ನಾನೇ ಹೊಡ್ಕೋತೀನಿ ಡಾಕ್ಟ್ರೇ," ಎಂದೆ. "ದಿನಾ ಸಂಜೆ, ಊಟಕ್ಕೆ ಮುಂಚೆ."

ಆಗ ಅವನ ಮುಖ ನೋಡಬೇಕಿತ್ತು. ಪಾಪ ಅನ್ನಿಸಿ ಚೀಲದಿಂದ ನನ್ನ ಕೊಮೂಜ್ ತೆಗೆದು ತೋರಿಸಿದೆ. ಹಲ್ಲಿಗೆ ಆನಿಸಿಕೊಂಡು, ಉಕ್ಕಿನ ನಾಲಗೆಯನ್ನು ಬೆರಳಿನಿಂದ ಮೀಟಿ ನುಡಿಸುವ ನಮ್ಮ ಮೋರ್ಚಿಂಗ್. ನಮ್ಮೂರು ಕರಾಕೋಲ್‌ನ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಅದನ್ನು ಕಲಿಸುವುದೇ ನನ್ನ ಕೆಲಸ, ಮದುವೆ ಮುಂಜಿಗಳಲ್ಲಿ ನುಡಿಸುವುದು ನನ್ನ ಖುಷಿ.

"ಹಾಗಾದ್ರೆ ಪೊಲೀಸ್ ಕರೆಯೋದು ಬೇಡ," ಎಂದ. ಅವನ ಕಿವಿಗಳು ಕೆಂಪಾಗಿದ್ದವು. ನಲವತ್ತಕ್ಕೆ ಬಂದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅದನ್ನು ಕೆಂಪಾಗಿಸುವುದೇ ನನಗೊಂದು ಚಟವಾಯಿತು.

ತಪ್ಪು ಕೊಮೂಜಿನದ್ದಲ್ಲ, ಒಸಡಿನ ಕಾಯಿಲೆ ಎಂದು ಎಕ್ಸ್‌ರೇ ತೋರಿಸಿ ವಿವರಿಸಿದ. ಹಲ್ಲನ್ನು ಹಿಡಿದುಕೊಂಡ ಮೂಳೆ ಒಳಗೊಳಗೇ ಕರಗಿತ್ತು. ಸಡಿಲಾದ ಹಲ್ಲಿನ ಮೇಲೆ ಕೊಮೂಜ್ ಬಡಿದು ಇನ್ನಷ್ಟು ಸಡಿಲಾಗಿತ್ತು.

"ಇನ್ನೊಂದು ಕಡೆ ಕೇಳಿದೆ. ಎರಡೂ ಕಿತ್ತು ಚಿನ್ನದ್ದು ಹಾಕಿಬಿಡೋಣ ಅಂದ್ರು," ಎಂದೆ. "ನಮ್ಮಜ್ಜಿ ಬಾಯಿ ತುಂಬ ಚಿನ್ನ, ನಕ್ಕರೆ ಬೀದಿಗೆಲ್ಲ ಬೆಳಕು. ಆದ್ರೆ ಹಲ್ಲು ಹೋದ ದಿನವೇ ಕೊಮೂಜ್ ಪೆಟ್ಟಿಗೆಗೆ ಹಾಕಿದ್ಳು. ದನಿ ಬರಲ್ಲ ಅಂದ್ಳು. ನನಗೆ ನನ್ನ ಹಲ್ಲೇ ಬೇಕು ಡಾಕ್ಟ್ರೇ. ಅದಿಲ್ದಿದ್ರೆ ನಾನು ಏನೂ ಅಲ್ಲ."

ಅವನು ನಗಲಿಲ್ಲ. "ಉಳಿಸೋಣ," ಎಂದ.

ಒಸಡಿನೊಳಗಿನ ಕೊಳೆಯನ್ನು ತೆಗೆಯುವುದಕ್ಕೇ ಶರತ್ಕಾಲ ಪೂರ್ತಿ ಹಿಡಿಯಿತು. ಆಮೇಲೆ ಆಪರೇಷನ್ ಅಂದ. ಒಸಡು ಬಿಡಿಸಿ, ಬೇರನ್ನು ಉಜ್ಜಿ, ಮೂಳೆ ಕರಗಿದ ಹಳ್ಳಕ್ಕೆ ಪುಡಿ ತುಂಬುವುದು.

"ಯಾವುದರ ಪುಡಿ?"

"ಕರುವಿನ ಮೂಳೆದು."

"ಕುದುರೆದು ಸಿಗಲ್ವಾ? ಬೇಗ ಓಡಿ ಬರ್ತಿತ್ತು."

"ಓಡಿ ಬರೋದೇ ಬೇಡ ನಮಗೆ," ಎಂದು ಅವನು ಪೆನ್ಸಿಲ್ ತೆಗೆದುಕೊಂಡು ನನ್ನ ಹಲ್ಲಿನ ಚಿತ್ರ ಬರೆದ. "ನೋಡಿ, ಒಸಡಿಗೆ ಯಾವಾಗ್ಲೂ ಆತುರ. ಓಡಿಬಂದು ಜಾಗ ತುಂಬಿಬಿಡುತ್ತೆ. ಮೂಳೆ ನಿಧಾನಸ್ಥ. ಅದು ಬರೋ ಹೊತ್ತಿಗೆ ಜಾಗಾನೇ ಇರಲ್ಲ. ಅದಕ್ಕೆ ಮಧ್ಯೆ ಒಂದು ತೆಳ್ಳನೆ ಪರದೆ ಇಡ್ತೀನಿ. ಪರದೆ ಹಿಂದೆ ಮೂಳೆ ತನ್ನ ಪಾಡಿಗೆ ತಾನು ಬೆಳ್ಕೊಳ್ಳುತ್ತೆ."

"ಮದುಮಗಳನ್ನ ಕೂರಿಸ್ತೀವಲ್ಲ, ಹಾಗೆ."

ಕಿವಿ ಕೆಂಪಾಯಿತು. "ಹೂಂ. ಹಾಗೇ."

"ಎಷ್ಟು ದಿನ ಕೂರಬೇಕು ಪಾಪ?"

"ಸೇಬು ಹಣ್ಣಾಗುವವರೆಗೆ. ಅಲ್ಲಿವರೆಗೆ ಕೊಮೂಜ್ ಮುಟ್ಟೋ ಹಾಗಿಲ್ಲ. ಒಂದೇ ಒಂದು ಸ್ವರ ಕೂಡ. ಎಳೆ ಮೂಳೆ, ಒಂದು ಪೆಟ್ಟು ಬಿದ್ರೂ ಎಲ್ಲಾ ಕದಡಿಹೋಗುತ್ತೆ. ಎರಡನೇ ಸಲ ಮಾಡೋಕೆ ಅಲ್ಲಿ ಏನೂ ಉಳಿದಿರಲ್ಲ."

ಕಿಟಕಿಯ ಹೊರಗೆ ಆ ವರ್ಷದ ಮೊದಲ ಹಿಮ ಬೀಳುತ್ತಿತ್ತು. ಅವನ ಅಂಗಳದ ಸೇಬಿನ ಮರದಲ್ಲಿ ಒಂದೆಲೆಯೂ ಇರಲಿಲ್ಲ.

ಆಪರೇಷನ್‌ಗೆ ಮುಂಚೆ ಅವನೇ ಕೇಳಿದ. "ಒಂದ್ಸಲ ನುಡಿಸ್ತೀರಾ? ಮೆತ್ತಗೆ. ಆಮೇಲೆ ಬಹಳ ದಿನ ಕೇಳಕ್ಕಾಗಲ್ಲ."

ಮಲಗಿದಲ್ಲೇ ನುಡಿಸಿದೆ. ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋಗುವ ಕುದುರೆಗಳ ನಡೆ ಅದು, ಅಜ್ಜಿ ಕಲಿಸಿದ್ದು. ಮುಗಿದಾಗ ಅವನು ಕೈಗವಸು ಹಾಕಿಕೊಳ್ಳುವುದನ್ನು ಮರೆತು ಕೂತಿದ್ದ. ಅವನ ಕಣ್ಣು ನನ್ನ ಹಲ್ಲಿನ ಮೇಲಿರಲಿಲ್ಲ. ಬಾಯಿ ನೋಡಿ ನೋಡಿ ಅಭ್ಯಾಸವಾದವನು ಅಂದು ಮೊದಲ ಸಲ ನನ್ನ ಕಣ್ಣು ನೋಡಿದ. ಅಷ್ಟಕ್ಕೇ ನನ್ನ ಕತೆ ಮುಗಿಯಿತು.

"ನೋವಾದ್ರೆ ಎಡಗೈ ಎತ್ತಿ," ಎಂದ. ಎಲ್ಲರಿಗೂ ಹೇಳುವ ಮಾತು. ನಾನು ಎತ್ತಲಿಲ್ಲ.

ಚಳಿಗಾಲವೆಲ್ಲ ಹೋಗಿ ತೋರಿಸಿಕೊಂಡು ಬರುತ್ತಿದ್ದೆ. ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ಒತ್ತಿ, "ಅಲುಗಾಡ್ತಾ?" ಎಂದು ಕೇಳುತ್ತಿದ್ದ. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ನನ್ನ ಜೇಬಿನಲ್ಲಿ ಒಣಮೊಸರಿನ ಉಂಡೆ ಸಿಕ್ಕಿದ್ದಕ್ಕೆ ಒಂದು ಸಲ ಬೈದ. "ಕಲ್ಲಿನಂಥಾದ್ದನ್ನ ಕಚ್ಚೋಕೆ ನಾನು ಇಷ್ಟೆಲ್ಲ ಮಾಡ್ಲಾ? ನನ್ನ ಮೂಳೆ ಅದು." ಹೇಳಿದ ಮೇಲೆ ತಾನೇ ತಡವರಿಸಿದ. "ನಿಮ್ಮದು. ನಿಮ್ಮ ಮೂಳೆ."

ಏಪ್ರಿಲ್‌ನಲ್ಲಿ ಸೇಬಿನ ಮರ ಹೂ ಬಿಟ್ಟಿತು. ಆ ದಿನ ನನ್ನ ಬಾಯಿ ತುಂಬ ಹತ್ತಿ ತುರುಕಿ, ಅವನು ಗೋಡೆಯ ಕಡೆ ತಿರುಗಿ ನಿಂತು ಮಾತಾಡಿದ.

"ಬುರುಲ್, ನಮ್ಮಮ್ಮ ಬಜಾರಲ್ಲಿ ನಿನ್ನ ಕಿವಿ ನೋಡ್ಕೊಂಡು ಬಂದಿದ್ದಾರೆ. ಬೆಳ್ಳಿ ಓಲೆ ಒಪ್ಪುತ್ತಂತೆ. ಸೇಬಿನ ಕಾಲಕ್ಕೆ ನಿಮ್ಮನೆಗೆ ಬಂದು ಹಾಕ್ಲಾ ಅಂತ ಕೇಳ್ತಿದ್ದಾರೆ. ಅಮ್ಮ ಕೇಳ್ತಿರೋದು ಅಂದ್ರೆ, ನಾನೇ."

ನಮ್ಮಲ್ಲಿ ಹುಡುಗನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ಹಾಕಿದರೆ ಆಯಿತು, ಅವಳು ಆ ಮನೆಯವಳು. ಬಾಯಲ್ಲಿ ಹತ್ತಿ ಇಟ್ಟುಕೊಂಡು ಇದಕ್ಕೆ ಏನು ಹೇಳಲಿ? ಎಡಗೈ ಎತ್ತಿದೆ.

ಅವನು ಗಾಬರಿಯಾಗಿ ಹತ್ತಿರ ಬಂದ. "ನೋವಾಯ್ತಾ?"

ನಕ್ಕೆ. ಅವನು ಹತ್ತಿ ತೆಗೆದ.

"ಮಾತಾಡೋಕಾಗದ ಹೊತ್ತು ನೋಡ್ಕೊಂಡು ಕೇಳ್ತೀರಲ್ಲ, ಎಂಥಾ ಧೈರ್ಯವಂತರು ನೀವು. ಉತ್ತರ ಹೀಗೆ ಕೊಡಲ್ಲ. ಸೇಬು ಹಣ್ಣಾಗಲಿ. ನುಡಿಸಿ ಹೇಳ್ತೀನಿ."

"ಏನಂತ ನುಡಿಸ್ತೀಯ?"

"ಕೇಳಿಸ್ಕೊಂಡಾಗ ಗೊತ್ತಾಗುತ್ತೆ."

"ಆಯ್ತು," ಎಂದ. "ಮೂಳೆಗಿಂತ ನಾನೇನೂ ಆತುರದವನಲ್ಲ."

ಪ್ರತಿ ಬೇಸಗೆ ಅವನು ಜೀಪಿನಲ್ಲಿ ಮೇಲಿನ ಹುಲ್ಲುಗಾವಲುಗಳಿಗೆ ಹೋಗುತ್ತಿದ್ದ. ಅಲ್ಲಿನ ಕುರಿಗಾಹಿಗಳು ತುಟಿಯ ಕೆಳಗೆ ಹೊಗೆಸೊಪ್ಪಿನ ಪುಡಿ ಇಟ್ಟುಕೊಂಡು ಒಸಡು ಸುಟ್ಟುಕೊಂಡವರು, ಊರಿಗೆ ಇಳಿದು ಬರುವವರಲ್ಲ. ಆ ಜೂನ್‌ನಲ್ಲೂ ಹೋದ. ಹಿಮ ಕರಗಿ ಹೊಳೆ ತುಂಬಿತ್ತು. ಮರದ ಸೇತುವೆ ಜೀಪಿನ ಸಮೇತ ಹೋಯಿತು. ಅವನ ದೇಹ ಹೊತ್ತು ತಂದವರು ಆ ಕುರಿಗಾಹಿಗಳೇ.

ಅವನ ಮನೆಯಂಗಳದಲ್ಲಿ, ಅದೇ ಸೇಬಿನ ಮರದ ಪಕ್ಕ ಉಣ್ಣೆಯ ಗುಡಾರ ಎತ್ತಿದರು. ಒಳಗೆ ಪರದೆಯ ಹಿಂದೆ ಅವನನ್ನು ಮಲಗಿಸಿದ್ದರು. ಪರದೆಯ ಮುಂದೆ ಮನೆಯ ಹೆಂಗಸರು ಕೂತು ಹಾಡಿ ಅಳುತ್ತಿದ್ದರು. ಅಲ್ಲಿ ತಾಯಿಗೆ ಜಾಗ ಉಂಟು, ಸೋದರತ್ತೆಯರಿಗೆ ಉಂಟು, ಹೆಂಡತಿಯಿದ್ದರೆ ಅವಳಿಗೆ ಉಂಟು. ನನ್ನ ಕಿವಿ ಬೋಳಾಗಿತ್ತು. ನಾನು ಅವನ ಪೇಷಂಟ್, ಅಷ್ಟೆ. ಬಾಗಿಲ ಬಳಿ ನಿಂತುಕೊಂಡೆ. ಅಳುವುದಕ್ಕೂ ಹಕ್ಕು ಬೇಕು ಎಂದು ನನಗೆ ಅಂದು ಗೊತ್ತಾಯಿತು.

ಅವನ ತಾಯಿ ಕಾಲಿಪಾ ನನ್ನನ್ನು ನೋಡಿದರು. ಹಾಡು ನಿಲ್ಲಿಸಿ ಕರೆದರು.

"ಬಾ ಮಗಳೇ. ಮನೇಲಿ ಅವನಿಗೆ ಬರೀ ನಿನ್ನ ಕೊಮೂಜಿನ ಮಾತೇ. ಒಂದ್ಸಲ ನುಡಿಸಮ್ಮ. ಹೊರಡೋಕೆ ಮುಂಚೆ ಕೇಳಿಸ್ಕೊಂಡು ಹೋಗ್ಲಿ."

ನಾನು ಕೊಮೂಜ್ ತೆಗೆದೆ. ಅವನಿಗೆ ಕೊಡಬೇಕಾದ ಉತ್ತರ ನನ್ನ ಬೆರಳಿನಲ್ಲೇ ಇತ್ತು, ಪರದೆಯ ಆಚೆ ಅವನಿದ್ದ, ಇನ್ನು ಸ್ವಲ್ಪ ಹೊತ್ತಿಗೆ ಇರುವುದಿಲ್ಲ. ತಣ್ಣನೆಯ ಉಕ್ಕು ತುಟಿಗೆ ತಗುಲಿತು. ಹಲ್ಲಿಗೆ ಮುಟ್ಟಿಸಬೇಕು, ಅಷ್ಟೇ ಬಾಕಿ. ಮುಟ್ಟಿಸಿದರೆ ಅವನು ನನ್ನೊಳಗೆ ನೆಟ್ಟದ್ದೂ ಹೋಗುತ್ತಿತ್ತು. ಅವನದು ಅಂತ ನನ್ನ ಬಳಿ ಉಳಿದಿದ್ದದ್ದು ಅದೊಂದೇ.

ಕೈ ಇಳಿಸಿದೆ.

"ಆಗಲ್ಲಮ್ಮ. ಸೇಬು ಹಣ್ಣಾಗೋವರೆಗೆ ಬೇಡ ಅಂದಿದ್ದಾರೆ. ಮೂಳೆ ಇನ್ನೂ ಎಳೇದಂತೆ."

"ಹಲ್ಲಂತೆ ಹಲ್ಲು," ಎಂದರು ಅವನ ಸೋದರತ್ತೆ, ನನಗೆ ಕೇಳಿಸುವ ಹಾಗೆಯೇ. "ಹುಡುಗ ಹೋಗಿ ಮಲಗಿದಾನೆ, ಇವಳಿಗೆ ತನ್ನ ಹಲ್ಲಿನ ಚಿಂತೆ. ರಿಪೇರಿ ಮಾಡಿಸ್ಕೊಂಡಾಯ್ತು, ಇನ್ನೇನು ಬೇಕು."

ನಾನು ಬಾಗಿಲ ಕಡೆ ತಿರುಗಿದೆ. ಕಾಲಿಪಾ ನನ್ನ ಶಾಲಿನ ಅಂಚು ಹಿಡಿದರು. ಆಮೇಲೆ ತಾವು ಕೂತ ಕೌದಿಯ ಮೇಲೆ ಪಕ್ಕಕ್ಕೆ ಸರಿದರು.

"ಅವನ ಮಾತನ್ನ ಇನ್ನೂ ಕೇಳ್ತಿರೋದು ನೀನೊಬ್ಬಳೇ," ಎಂದರು. "ಇಲ್ಲಿ ಕೂತ್ಕೋ. ಅತ್ತುಬಿಡು."

ಕೂತೆ. ಮನೆಯವಳ ಜಾಗದಲ್ಲಿ ಕೂತು, ಬಾಯಿಗೆ ಶಾಲು ತುರುಕಿಕೊಂಡು ಅತ್ತೆ.

ಅವನು ಹೋದ ನಲವತ್ತನೇ ದಿನದ ಊಟ ಮುಗಿದು, ಸೇಬು ಕೆಂಪೇರಿತು. ಬೇರೆ ಡಾಕ್ಟರ ಬಳಿ ಎಕ್ಸ್‌ರೇ ತೆಗೆಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಹಳ್ಳ ಪೂರ್ತಿ ತುಂಬಿದೆ. ಸೊಗಸಾದ ಮೂಳೆ. ಯಾರು ಮಾಡಿದ್ದು?"

ಹೆಸರು ಹೇಳಿದೆ. ಅವರು ಎಕ್ಸ್‌ರೇಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು.

ಅಲ್ಲಿಂದ ನೇರ ಕಾಲಿಪಾ ಅಮ್ಮನ ಮನೆಗೆ ಹೋದೆ. ಅವರು ಮರದ ಕೆಳಗೆ ಸೇಬು ಆರಿಸುತ್ತಿದ್ದರು. ನನ್ನನ್ನು ಕಂಡು ಒಳಗೆ ಹೋಗಿ ಬೆಳ್ಳಿ ಓಲೆ ತಂದರು.

"ನಿನ್ನ ಕಟ್ಟಿಹಾಕೋಕಲ್ಲಮ್ಮ ಇದು. ನಾಳೆ ಬೇರೆ ಮನೆಗೆ ಹೋದ್ರೂ ಹಾಕ್ಕೊಂಡೇ ಹೋಗು. ಅವನು ಕೇಳಿದ್ದ, ನಾನು ಹಾಕ್ತಿದೀನಿ."

ಕಿವಿಗೆ ಓಲೆಯ ಭಾರ ಬಿತ್ತು. ಕೊಮೂಜನ್ನು ಹಲ್ಲಿಗೆ ಆನಿಸಿ ಮೀಟಿದೆ. ದನಿ ಹಲ್ಲಿಗಿಳಿದು, ಬೇರಿಗಿಳಿದು, ಅವನು ತುಂಬಿದ ಮೂಳೆಗೆ ಇಳಿದು, ಅಲ್ಲಿಂದ ತಲೆಯೊಳಗೆಲ್ಲ ತುಂಬಿತು. ಹೂಂ ಅಂತ ನುಡಿಸಿದೆ. ನಿನ್ನ ಮನೆಗೆ ಬರ್ತೀನಿ ಅಂತ ನುಡಿಸಿದೆ. ಏಪ್ರಿಲ್‌ನಿಂದ ಇಟ್ಟುಕೊಂಡಿದ್ದನ್ನೆಲ್ಲ ಖಾಲಿಯಾಗುವವರೆಗೆ ನುಡಿಸಿದೆ.

ಮುಗಿದ ಮೇಲೆ ಅಮ್ಮ ಕಣ್ಣೊರೆಸಿಕೊಂಡು ನನ್ನ ಬಾಯಿಯನ್ನೇ ನೋಡಿದರು.

"ಅಲುಗಾಡ್ತಾ ಮಗಳೇ?"

"ಇಲ್ಲಮ್ಮ. ಗಟ್ಟಿಯಾಗಿದೆ."

ಹೇಳುತ್ತಿದ್ದ ಹಾಗೆ ನನಗೆ ಗೊತ್ತಿಲ್ಲದೇ ಎಡಗೈ ಮೇಲೆದ್ದಿತ್ತು. ಅದೇಕೆ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ಸುಮ್ಮನೆ ಆ ಕೈಯನ್ನು ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.