ಮುನಿಸುಗಡ್ಡೆ

ಎಂಟು ಗಂಟೆಗೆ ಹೊರಡಬೇಕಾದ ದೋಣಿ ಎಂಟೂಮುಕ್ಕಾಲಾದರೂ ಹಗ್ಗ ಬಿಚ್ಚಿರಲಿಲ್ಲ.

ಸಿಡುಕಿ ನಾಲ್ಕನೇ ಸಲ ಗಡಿಯಾರ ನೋಡಿಕೊಂಡಳು. ಸಿಡುಕಿ ಎಂಬುದು ಅಪ್ಪ ಇಟ್ಟ ಹೆಸರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ಮಗು ಎಂದು ಪ್ರೀತಿಯಿಂದ ಕರೆದದ್ದು ಮೂವತ್ತೊಂದು ವರ್ಷವಾದರೂ ಅಂಟಿಕೊಂಡೇ ಇತ್ತು. ಅಳಿಸಿಕೊಳ್ಳುವ ಪ್ರಯತ್ನವನ್ನು ಅವಳೂ ಮಾಡಿರಲಿಲ್ಲ ಅನ್ನಿ.

"ಟಿಕೆಟ್ ಮೇಲೆ ಎಂಟು ಗಂಟೆ ಅಂತಿದೆ," ಎಂದಳು.

ಮೋಟರಿನ ಮೇಲೆ ಬಗ್ಗಿದ್ದ ಗೈಡ್ ತಲೆ ಎತ್ತಲಿಲ್ಲ. "ಇದೆ ಮೇಡಂ. ಆದ್ರೆ ನೀರಿಗೆ ಟಿಕೆಟ್ ಕೊಟ್ಟಿಲ್ಲ ನೋಡಿ. ಅದು ಬಂದ ಮೇಲೇ ಹೊರಡೋದು."

"ಹಾಗಿದ್ರೆ ಎಂಟು ಗಂಟೆ ಅಂತ ಯಾಕೆ ಬರೀತೀರಿ?"

"ಬರೆದಿದ್ದು ನಾನಲ್ಲ, ನಮ್ಮಕ್ಕ." ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ ಅಕ್ಕನ ಕಡೆ ಅವನು ಸ್ಪ್ಯಾನರ್ ತೋರಿಸಿದ. "ಜಗಳ ಆಡೋದಿದ್ರೆ ಅಲ್ಲಿ ಆಡಿ. ಅವಳಿಗೂ ಇಷ್ಟ."

ಸಿಡುಕಿ ಹಲ್ಲು ಕಚ್ಚಿ ಲೈಫ್ ಜಾಕೆಟಿನ ಬಕಲ್ ಜತೆ ಗುದ್ದಾಡಿದಳು. ಅದು ಸಿಕ್ಕಿಕೊಳ್ಳಲಿಲ್ಲ. ಅವನು ಎದ್ದು ಬಂದು, ಅವಳ ಮುಖ ನೋಡದೆ, ಪಟ್ಟಿಯನ್ನು ಒಮ್ಮೆ ತಿರುಗಿಸಿ ಟಕ್ಕೆಂದು ಹಾಕಿದ. ಹಾಕಿದ ಮೇಲೆ ಮಾತ್ರ ನೋಡಿದ. ಬಿಸಿಲಿಗೆ ಕಿರಿದಾದ ಕಣ್ಣು, ಒಳಗೆಲ್ಲೋ ನಗು. ಅವಳಿಗೆ ಆ ನಗುವಿನ ಮೇಲೂ ಸಿಟ್ಟು ಬಂತು.

ಅವಳು ನೋಟ ನೋಡಲು ಬಂದವಳಲ್ಲ. ನಕ್ಷೆ ಕಚೇರಿಯಲ್ಲಿ ಎಂಟು ವರ್ಷದಿಂದ ಈ ಡೆಲ್ಟಾವನ್ನೇ ಬರೆಯುತ್ತಿದ್ದಳು. ನದಿ ಕಡಲು ಮುಟ್ಟುವ ಮೊದಲು ಎಷ್ಟು ಕವಲಾಗುತ್ತದೆ, ಯಾವ ಕವಲು ಎಷ್ಟು ಆಳ, ಎಲ್ಲವೂ ಬೆರಳ ತುದಿಯಲ್ಲಿ. ನೋಡಿದ್ದು ಮಾತ್ರ ಪರದೆಯ ಮೇಲೆ, ಆಕಾಶದಿಂದ ತೆಗೆದ ಚಿತ್ರಗಳಲ್ಲಿ. ಇಲ್ಲಿಗೆ ಕಾಲಿಟ್ಟದ್ದು ಇದೇ ಮೊದಲು.

ಕಚೇರಿಯಲ್ಲೊಂದು ಹಳೆಯ ರೂಢಿಯಿತ್ತು. ಪ್ರತಿ ನಕ್ಷೆಯಲ್ಲೂ ಒಂದು ಸುಳ್ಳನ್ನು ಸೇರಿಸುವುದು. ಇಲ್ಲದ ಒಂದು ಕಾಲುದಾರಿ, ಇಲ್ಲದ ಒಂದು ಕೊಳ. ಬೇರೆ ಯಾರಾದರೂ ನಕ್ಷೆಯನ್ನು ಕದ್ದು ಅಚ್ಚು ಹಾಕಿದರೆ ಆ ಸುಳ್ಳೂ ಜೊತೆಗೇ ಹೋಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ನಾಲ್ಕು ವರ್ಷದ ಹಿಂದೆ, ತಾನು ಮೂರು ತಿಂಗಳು ಕಣ್ಣು ಸವೆಸಿ ಬರೆದ ನಕ್ಷೆಯ ಕೆಳಗೆ ಸಾಹೇಬರು ತಮ್ಮ ಹೆಸರು ಮಾತ್ರ ಹಾಕಿಕೊಂಡ ದಿನ, ಅವಳು ಬರೀ ನೀರಿದ್ದ ಕಡೆ ಪುಟ್ಟದೊಂದು ನಡುಗಡ್ಡೆ ಬರೆದು, ಮುನಿಸುಗಡ್ಡೆ ಎಂದು ಹೆಸರಿಟ್ಟಿದ್ದಳು. ಯಾರ ಮುನಿಸು ಎಂದು ಸಾಹೇಬರು ಕೇಳಲಿಲ್ಲ.

ಈಗ ಈ 'ಮೂರು ಗಂಟೆಯಲ್ಲಿ ಡೆಲ್ಟಾ' ಪ್ರವಾಸದ ಕರಪತ್ರದಲ್ಲಿ ಮುನಿಸುಗಡ್ಡೆ ಅಚ್ಚಾಗಿತ್ತು. ಸಾಹೇಬರಿಗೆ ಬೇಕಿದ್ದದ್ದು ಅವಳ ಕೈಬರಹದ ಒಂದೇ ಸಾಲು: ಸ್ಥಳಕ್ಕೆ ಹೋಗಿ ನೋಡಿದೆ, ಅಂಥ ನಡುಗಡ್ಡೆ ಇಲ್ಲ. ಆ ಸಾಲು ಕೈಗೆ ಸಿಕ್ಕ ಮರುದಿನ ಈ ದೋಣಿಯ ಪರವಾನಗಿ ರದ್ದು.

ಉಬ್ಬರದ ನೀರು ಬಂತು. ದೋಣಿ ಹೊರಟಿತು. ಅವಳ ಎದುರಿಗೆ ರಿಟೈರ್ಡ್ ಹೆಡ್‌ಮಾಸ್ಟರು, ಪಕ್ಕದಲ್ಲಿ ಅವರ ಹೆಂಡತಿ. ಹೆಡ್‌ಮಾಸ್ಟರ ತೊಡೆಯ ಮೇಲೆ ಬಿಚ್ಚಿಟ್ಟಿದ್ದದ್ದು ಸಾಕ್ಷಾತ್ ಅವಳದೇ ನಕ್ಷೆ.

"ಬಲಗಡೆ ನೋಡಿ," ಗೈಡ್ ಶುರು ಮಾಡಿದ. "ಇದು ಆರನೇ ಕವಲು."

"ಏಳನೇದು," ಎಂದಳು ಸಿಡುಕಿ.

"ಆರನೇದು ಮೇಡಂ. ಮೊದಲಿದ್ದ ಆರನೇದು ಹೋದ ವರ್ಷ ಹೂಳು ತುಂಬಿ ಮುಚ್ಚಿಹೋಯ್ತು. ಏಳನೇದಕ್ಕೆ ಪ್ರಮೋಷನ್ ಸಿಕ್ತು."

ಹೆಡ್‌ಮಾಸ್ಟರ ಹೆಂಡತಿ ಕಿಸಕ್ಕೆಂದರು. ಸಿಡುಕಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಆರನೇ ಕವಲಿಗೆ ಅಡ್ಡಗೆರೆ ಎಳೆದಳು. ಮುಂದಿನ ಒಂದು ಗಂಟೆಯಲ್ಲಿ ಅಂಥ ಹನ್ನೊಂದು ಗೆರೆ ಬಿದ್ದವು. ಅವಳು ಮರಳುದಿಬ್ಬ ಎಂದಲ್ಲಿ ಅವನು ಜೊಂಡು ತೋರಿಸಿದ. ಅವಳು ಆಳ ಎಂದಲ್ಲಿ ಒಂದು ಬಿಳಿ ಕೊಕ್ಕರೆ ಮೊಣಕಾಲು ನೀರಿನಲ್ಲಿ ನಿಂತು ಅವಳನ್ನೇ ದಿಟ್ಟಿಸಿತು. ಅದನ್ನು ಅವನೇ ಹೇಳಿಕೊಟ್ಟು ನಿಲ್ಲಿಸಿದ್ದಾನೆ ಎಂದು ಅವಳಿಗೆ ಗುಮಾನಿ ಬಂತು.

"ಈ ನದಿಗೆ ಒಂದು ಕಡೆ ಕೂತು ಗೊತ್ತೇ ಇಲ್ವಾ?" ಎಂದು ಬಾಯಿ ಬಿಟ್ಟೇ ಕೇಳಿದಳು.

"ಇಲ್ಲ ಮೇಡಂ. ದಿನಾ ಬಂದು ನೋಡೋರಿಗೆ ಮಾತ್ರ ಅರ್ಥ ಆಗೋ ಜಾತಿ." ಅವನು ಚುಕ್ಕಾಣಿಗೆ ಮೊಣಕೈ ಒರಗಿಸಿ ಅವಳನ್ನು ನೋಡಿದ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು. "ಕೆಲವರು ಹಾಗೇ ಇರ್ತಾರೆ."

ಅವಳು ಬೇಗನೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ಬರೆಯಲು ಏನೂ ಇರಲಿಲ್ಲ.

"ಮುನಿಸುಗಡ್ಡೆ ಯಾವಾಗ ಬರುತ್ತೆ?" ಹೆಡ್‌ಮಾಸ್ಟರು ಕೇಳಿದರು.

"ಬಂದೇಬಿಡ್ತು ಸಾರ್. ಹಿಂದೆ ಒಬ್ಬಳು ತನ್ನವನ ಮೇಲೆ ಮುನಿಸಿಕೊಂಡು ಒಬ್ಬಳೇ ದೋಣಿ ಹತ್ತಿ ಇಲ್ಲಿಗೆ ಬಂದಳಂತೆ. ಅವನು ಆಚೆ ದಡದಲ್ಲಿ ಕಾದ. ನೀರು ಇಳಿದಾಗ ನಡೆದು ಬರೋಣ ಅಂದ್ರೆ ಇವಳ ಕೋಪ ಇಳಿದಿಲ್ಲ. ಕೋಪ ಇಳಿದಾಗ ನೀರು ಏರಿದೆ. ಹೀಗೇ ಎಷ್ಟೋ ದಿನ."

"ಆಮೇಲೆ?" ಹೆಡ್‌ಮಾಸ್ಟರ ಹೆಂಡತಿ ಮುಂದಕ್ಕೆ ಬಾಗಿದರು.

"ಆಮೇಲೆ ಅವನು ಈಜು ಕಲಿತ."

ಕಥೆ ಚೆನ್ನಾಗಿತ್ತು. ಅದೇ ಸಿಡುಕಿಯ ಹೊಟ್ಟೆ ಉರಿಸಿದ್ದು. ತನ್ನ ಸುಳ್ಳಿನ ಮೇಲೆ ಇನ್ನೊಬ್ಬ ಇಷ್ಟು ಸೊಗಸಾದ ಸುಳ್ಳು ಕಟ್ಟಿದ್ದಾನೆ! ಅಷ್ಟರಲ್ಲಿ ತಿರುವು ದಾಟಿತು. ಅವನು ಕೈ ಚಾಚಿದ. "ಇದೇ ನೋಡಿ."

ನೀರಿನ ನಡುವೆ ಒಂದು ಹಸಿರು ತುಂಡು ಇತ್ತು.

"ಶುದ್ಧ ಸುಳ್ಳು!" ಸಿಡುಕಿ ಎದ್ದೇ ನಿಂತಳು. "ನಾನು ಅದನ್ನ ಇಟ್ಟಿದ್ದು ಇಲ್ಲಲ್ಲ, ಅರ್ಧ ಕಿಲೋಮೀಟರ್ ಆ ಕಡೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೈಡ್ ನಿಧಾನವಾಗಿ ಮೋಟರ್ ಆರಿಸಿದ.

"ನೀವಾ?" ಎಂದ.

ಅವಳು ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದಳು.

"ನಾಲ್ಕು ವರ್ಷ ಮೇಡಂ!" ಅವನ ಮುಖದಲ್ಲಿ ನಗುವಿರಲಿಲ್ಲ. "ಬಂದವರೆಲ್ಲ ನಿಮ್ಮ ನಕ್ಷೆ ಹಿಡ್ಕೊಂಡು ಬರ್ತಾರೆ. ಮುನಿಸುಗಡ್ಡೆ ಎಲ್ಲಿ ಅಂತಾರೆ. ಹಂಗೊಂದು ಇಲ್ಲ ಅಂದ್ರೆ ನಂಬಲ್ಲ. ಗೈಡ್ ಸೋಮಾರಿ, ಪೂರ್ತಿ ತೋರಿಸಲಿಲ್ಲ ಅಂತ ದೂರು ಬರೆದು ಹೋಗ್ತಾರೆ. ಹುಟ್ಟಿದಾಗಿನಿಂದ ಈ ನೀರಲ್ಲಿದೀನಿ, ನನ್ನ ಮಾತಿಗಿಂತ ನೀವು ಎಳೆದ ಗೆರೆ ಹೆಚ್ಚಾಯ್ತು. ಕೊನೆಗೆ ನೀರು ಇಳಿದಾಗ ಕಾಣೋ ಒಂದು ಕೆಸರುದಿಬ್ಬ ಹುಡುಕಿ, ದೋಣಿ ಕಟ್ಟೋಕೆ ಗೂಟ ಹೊಡೆದು, ಇದೇ ಅಂದೆ. ಕಥೆನೂ ಹೊಸೆದೆ."

"ಅದಕ್ಕೆ ನನ್ನ ನಕ್ಷೆ ಕದ್ದು ಅಚ್ಚು ಹಾಕಿಸೋದಾ?"

"ಹಾಕಿಸಿದ್ವಿ. ಅದು ತಪ್ಪು, ಒಪ್ಕೊಂಡೆ. ನೀವು ಸುಳ್ಳು ಬರೆದಿದ್ದು?"

"ಅದು ಕಚೇರಿ ರೂಢಿ!"

"ಹೂಂ. ಆ ರೂಢಿ ನನ್ನ ತಲೆ ತಿಂದಿದೆ!"

"ಇಬ್ಬರೂ ಇಳಿದು ಜಗಳ ಆಡ್ರಪ್ಪಾ," ಹೆಡ್‌ಮಾಸ್ಟರ ಹೆಂಡತಿ ಬೆಂಚು ಹಿಡಿದುಕೊಂಡರು. "ದೋಣಿ ಮಗುಚುತ್ತೆ."

ಇಳಿದರು. ಕಾಲಿನಡಿ ನೆಲ ಗಟ್ಟಿಯಾಗಿತ್ತು. ಸಿಡುಕಿ ಬಗ್ಗಿ ನೋಡಿದಳು. ಒಂದು ಬದಿಗೆ ಸಾಲಾಗಿ ಹನ್ನೆರಡು ಬಿದಿರಿನ ಗೂಟ. ಹರಿದು ಬಂದ ಹೂಳು ಆ ಗೂಟಗಳಿಗೆ ತಡೆದು ನಿಂತಿತ್ತು. ನಿಂತ ಹೂಳಿನಲ್ಲಿ ಜೊಂಡು ಬೇರುಬಿಟ್ಟಿತ್ತು, ಜೊಂಡು ಇನ್ನಷ್ಟು ಹೂಳನ್ನು ಹಿಡಿದಿತ್ತು. ಯಾವುದೋ ಹಕ್ಕಿಯ ಹೆಜ್ಜೆಗುರುತು ಅವಳ ಬೂಟಿನ ಪಕ್ಕದಲ್ಲೇ ಹಾದುಹೋಗಿತ್ತು. ತಾನು ಸಿಟ್ಟಿನಲ್ಲಿ ಎಳೆದ ಗೆರೆಗೆ ಯಾರೋ ದಿನಾ ಬಂದು ಮಣ್ಣು ಕೂಡಿಸಿದ ಹಾಗಿತ್ತು. ಅವಳ ಕೈ ಬಾಗಿದ್ದ ಒಂದು ಜೊಂಡನ್ನು ನೆಟ್ಟಗೆ ಮಾಡಿತು. ಇಂಥ ಹೊತ್ತಿನಲ್ಲಿ ಜೊಂಡು ನೆಟ್ಟಗೆ ಮಾಡುವುದೆಂದರೇನು ಎಂದು ತನ್ನ ಮೇಲೇ ರೇಗಿಕೊಂಡಳು.

"ಕಚೇರಿಗೆ ಒಂದು ಸಾಲು ಬರೆದುಕೊಡಬೇಕು," ಎಂದಳು, ಅವನ ಕಡೆ ನೋಡದೆ. "ಇದೆಯೋ ಇಲ್ಲವೋ ಅಂತ. ಇಲ್ಲ ಅಂದ್ರೆ ನಿಮ್ಮ ಪರವಾನಗಿ ಹೋಗುತ್ತೆ."

ಅವನು ಕಾಲಿನಿಂದ ನೆಲವನ್ನು ಒತ್ತಿ ನೋಡಿದ. "ಇದೆಯಲ್ಲ, ನಿಂತಿದೀರಲ್ಲ?"

"ತುಂಬು ಉಬ್ಬರದಲ್ಲೂ ನೀರಿನ ಮೇಲೆ ಉಳಿದರೆ ಮಾತ್ರ ನಡುಗಡ್ಡೆ. ಮುಳುಗಿದರೆ ಬರೀ ದಿಬ್ಬ. ನಕ್ಷೆಯ ಲೆಕ್ಕದಲ್ಲಿ ದಿಬ್ಬ ನೆಲ ಅಲ್ಲ."

"ನಿನ್ನೆ ಹುಣ್ಣಿಮೆ," ಅವನು ಮೆಲ್ಲಗೆ ಹೇಳಿದ. "ಇವತ್ತಿನ ಉಬ್ಬರ ತಿಂಗಳಲ್ಲೇ ದೊಡ್ಡದು. ಇನ್ನು ಇಪ್ಪತ್ತು ನಿಮಿಷ ನೀರು ಏರುತ್ತೆ."

"ಹೋದ ತಿಂಗಳು?"

"ಮುಳುಗಿತ್ತು."

ಅವಳಿಗೆ ನಿಜಕ್ಕೂ ತಲೆ ಕೆಟ್ಟಿತು. "ಸುಳ್ಳು ಹೇಳೋಕೆ ಬರಲ್ವಾ ನಿಮಗೆ? ಇಷ್ಟು ಹೊತ್ತು ಚೆನ್ನಾಗಿ ಹೇಳ್ತಿದ್ರಿ!"

"ಕಥೆ ಬೇರೆ, ನೀರಿನ ವಿಷಯ ಬೇರೆ ಮೇಡಂ."

ಅವನು ಒಂದು ಕಡ್ಡಿ ತಂದು ದಿಬ್ಬದ ಚಪ್ಪಟೆ ನೆತ್ತಿಯ ಅಂಚಿಗೆ ಚುಚ್ಚಿದ. ನೀರು ಇದನ್ನು ದಾಟಿದರೆ ನೆತ್ತಿಯೂ ಮುಳುಗಿತು, ಅಲ್ಲಿಗೆ ಮುಗಿಯಿತು. ಹೆಡ್‌ಮಾಸ್ಟರ ಜೋಡಿ ದೋಣಿಯಲ್ಲೇ ಕೂತು ಒಂದೇ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹಂಚಿಕೊಂಡು ನೋಡುತ್ತಿತ್ತು. ಇವರಿಬ್ಬರೂ ಗೂಟದ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ನೀರು ಒಂದು ಗೇಣು ದೂರವಿತ್ತು.

"ನಿಮ್ಮನ್ನ ದಿನಾ ಬೈತಿದ್ದೆ," ಅವನು ನೀರನ್ನೇ ನೋಡುತ್ತ ಹೇಳಿದ. "ಬೆಳಿಗ್ಗೆ ಮೋಟರ್ ಶುರು ಮಾಡೋವಾಗಿಂದ. ಈ ನಕ್ಷೆ ಬರೆದವರು ಯಾರು, ಯಾವ ಸಿಟ್ಟಲ್ಲಿ ಬರೆದರು, ಯಾರ ಮೇಲೆ ಮುನಿಸು ಅಂತ. ಬೈತಾ ಬೈತಾ ಅಭ್ಯಾಸ ಆಯ್ತು. ನಾಲ್ಕು ವರ್ಷದಲ್ಲಿ ಯಾರ ಜೊತೆನೂ ಇಷ್ಟು ಮಾತಾಡಿಲ್ಲ ನಾನು."

ಯಾರ ಮೇಲೆ ಮುನಿಸು. ಈ ಪ್ರಶ್ನೆಯನ್ನು ಈವರೆಗೆ ಯಾರೂ ಅವಳಿಗೆ ಕೇಳಿರಲಿಲ್ಲ. ಹೇಳಿದಳು. ಮೂರು ತಿಂಗಳು, ಕಣ್ಣುರಿ, ಸಾಹೇಬರ ಹೆಸರು. ಹೇಳುವಾಗ ದನಿ ಜೋರಾಯಿತು, ಕೈ ಗಾಳಿಯಲ್ಲಿ ಆಡಿತು, ಒಂದು ಹಕ್ಕಿ ಹೆದರಿ ಹಾರಿತು. ಅವನು ಒಮ್ಮೆಯೂ ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ. "ನ್ಯಾಯವಾದ ಮುನಿಸು," ಎಂದಷ್ಟೇ ಹೇಳಿದ.

ನೀರು ನಾಲ್ಕು ಬೆರಳು ದೂರ ಬಂತು. ಆಮೇಲೆ ಮೂರು ಬೆರಳು.

ಅವನು ಗಡಿಯಾರ ನೋಡಿದ. "ಇನ್ನೂ ಎಂಟು ನಿಮಿಷ." ದನಿ ಸಣ್ಣಗಾಗಿತ್ತು. ಅಕ್ಕ ಇರುವ ದೋಣಿಕಟ್ಟೆಯ ಕಡೆಗೊಮ್ಮೆ ಅವನ ಕಣ್ಣು ಹೋಗಿ ಬಂತು. ಸಿಡುಕಿಗೆ ಅದನ್ನು ನೋಡಲಾಗಲಿಲ್ಲ. ನೀರು ಎರಡು ಬೆರಳು ದೂರ ಬಂದಾಗ ಅವಳ ಬಲಗಾಲು ತಾನಾಗಿಯೇ ಮುಂದೆ ಸರಿದು, ಬೂಟಿನ ತುದಿಯಿಂದ ಹಿಡಿ ಕೆಸರನ್ನು ಕಡ್ಡಿಯ ಮುಂದಕ್ಕೆ ನೂಕಿತು. ಇನ್ನೊಂದು ಹಿಡಿ ನೂಕಿತು.

"ಮೇಡಂ."

"ಏನು?"

"ಸಾಕ್ಷಿಗೆ ಕಾಲು ಹಾಕಬಾರದು."

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. "ಜಾರಿತು."

"ಎರಡು ಸಲ?"

"ಹೌದು, ಎರಡು ಸಲ! ಸುಮ್ಮನೆ ನೀರು ನೋಡಿ!"

ಅವನು ಬಗ್ಗಿ ಆ ಎರಡು ಹಿಡಿ ಕೆಸರನ್ನು ಬೆರಳಿಂದ ಬಳಿದು ತೆಗೆದ. ತನ್ನ ಅನ್ನವನ್ನು ತಾನೇ ತಟ್ಟೆಯಿಂದ ತೆಗೆದ ಹಾಗೆ. ತೆಗೆದು ಅವಳ ಕಡೆ ತಿರುಗಿದಾಗ ಆ ಕಿರಿದಾದ ಕಣ್ಣುಗಳ ನಗು ಮುಖಕ್ಕೆಲ್ಲ ಹರಡಿತ್ತು. ಇಂಥ ಮೊಂಡನನ್ನು ತಾನು ಈ ಜನ್ಮದಲ್ಲಿ ನೋಡಿಲ್ಲ ಎಂದುಕೊಂಡಳು ಸಿಡುಕಿ. ಇನ್ನೂ ಸ್ವಲ್ಪ ಹೊತ್ತು ನೋಡಬೇಕು ಎಂದೂ ಅನಿಸಿತು.

ಒಂದು ಬೆರಳು. ಕಡ್ಡಿಯ ಬುಡ ಒದ್ದೆಯಾಯಿತು. ಇಬ್ಬರೂ ಉಸಿರು ಬಿಗಿಹಿಡಿದರು. ಅವಳ ಕೈ ಅವನ ತೋಳನ್ನು ಯಾವಾಗ ಹಿಡಿಯಿತೋ ಇಬ್ಬರಿಗೂ ತಿಳಿಯಲಿಲ್ಲ. ನೀರು ಅಲ್ಲಿಯೇ ನಿಂತು, ಆ ಕಡೆ ಈ ಕಡೆ ತೂಗಾಡಿತು. ಒಂದು ಒಣಗಿದ ಎಲೆ ಕಡ್ಡಿಯ ಹತ್ತಿರ ಬಂದು, ಸುತ್ತು ಹಾಕಿ, ನಿಧಾನವಾಗಿ ಕಡಲಿನ ಕಡೆ ಹೊರಟಿತು.

"ಇಳಿತ ಶುರು," ಅವನು ಪಿಸುಗುಟ್ಟಿದ.

ದೋಣಿಯಿಂದ ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಸಿಡುಕಿ ಚೀಲದಿಂದ ಟೇಪು ತೆಗೆದಳು. ಒಂದು ತುದಿ ಅವನು ಹಿಡಿದ, ಇನ್ನೊಂದು ಅವಳು. ಉದ್ದ ಹದಿನಾರು ಮೀಟರ್, ಅಗಲ ಏಳು. ಟೇಪು ಸುತ್ತಿಕೊಳ್ಳುತ್ತ ಇಬ್ಬರೂ ಹತ್ತಿರ ಬಂದರು. ಪೂರ್ತಿ ಸುತ್ತಿ ಮುಗಿದ ಮೇಲೂ ಅವನು ತನ್ನ ತುದಿ ಬಿಡಲಿಲ್ಲ.

"ಬಿಡಿ, ಬರೀಬೇಕು."

"ಏನಂತ ಬರೀತೀರಿ?"

ಅವಳು ಪುಸ್ತಕವನ್ನು ಅವನ ಬೆನ್ನಿಗೆ ಒತ್ತಿ ಬರೆದು, ಓದಿ ಹೇಳಿದಳು: "ಮುನಿಸುಗಡ್ಡೆ ಇದೆ. ನಕ್ಷೆಯಲ್ಲಿ ಜಾಗ ತಪ್ಪಾಗಿದೆ, ತಿದ್ದಬೇಕು. ಕರಪತ್ರದಲ್ಲಿ ನಕ್ಷೆ ಬರೆದವರ ಹೆಸರು ಹಾಕತಕ್ಕದ್ದು."

"ಸಾಹೇಬರ ಹೆಸರಾ?"

"ನನ್ನದು!"

"ಸರಿ, ಸರಿ. ನನ್ನ ಮೇಲೆ ಯಾಕೆ ರೇಗ್ತೀರಿ?"

"ಇನ್ನೂ ಒಂದು ಸಾಲಿದೆ." ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ನಿಯಮದ ಪ್ರಕಾರ, ಹೊಸ ನಡುಗಡ್ಡೆಯನ್ನು ಪ್ರತಿ ಹುಣ್ಣಿಮೆಯ ಉಬ್ಬರಕ್ಕೆ, ನಕ್ಷೆ ಬರೆದವರೇ ಖುದ್ದಾಗಿ ಬಂದು ಅಳೆಯತಕ್ಕದ್ದು."

ಅವನು ತಿರುಗಿ ನಿಂತು ಅವಳನ್ನು ನೋಡಿದ. "ಅಂಥ ನಿಯಮ ಇದೆಯಾ?"

"ಇಲ್ಲ," ಎಂದಳು ಸಿಡುಕಿ, ಕೋಪದಿಂದಲೇ. "ನಾನೇ ಸೇರಿಸಿದ್ದು."

"ಹಾಗಾದ್ರೆ ಬನ್ನಿ," ಎಂದ ಅವನು. "ನಾನು ಇನ್ನಷ್ಟು ಗೂಟ ಹೊಡೆದಿರ್ತೀನಿ."